ಮಕ್ಕಳು ಹಿಂಜರಿಯದೆ ಚಿತ್ರ ಬಿಡಿಸುತ್ತಾರೆ, ದೊಡ್ಡವರ ಕೈ ಯಾಕೆ ತಡೆಯುತ್ತದೆ?

ನಾಲ್ಕು ವರ್ಷದ ಮಗು ಒಂದು ಸೊನ್ನೆ ಸುತ್ತಿ, ಅದರಿಂದಲೇ ಎರಡು ಕಾಲು ಇಳಿಬಿಟ್ಟು ‘ಅಜ್ಜಿ’ ಅನ್ನುತ್ತದೆ. ಹೊಟ್ಟೆ ಎಲ್ಲಿ ಹೋಯಿತು ಅನ್ನುವ ಚಿಂತೆಯೇ ಅದಕ್ಕಿಲ್ಲ. 9–10ರ ಸುಮಾರಿಗೆ ‘ಇದ್ದ ಹಾಗೇ ಬರಬೇಕು’ ಎಂಬ ಹಟ ಶುರು. ಕಣ್ಣು ಪಳಗುತ್ತದೆ, ಕೈ ಹಿಂದೆ ಬೀಳುತ್ತದೆ. ಬಹಳಷ್ಟು ಜನ ಪೆನ್ಸಿಲ್ ಕೆಳಗಿಡುವುದು ಅಲ್ಲೇ. ಹಾಗಾಗಿ ದೊಡ್ಡವರಲ್ಲಿ ಉಳಿದಿರುವುದು ಹತ್ತು ವರ್ಷದ ಗೆರೆ, ತೀರ್ಪು ಮಾತ್ರ ನಲವತ್ತರದ್ದು.

ಮತ್ತೆ ಶುರು ಮಾಡುವುದಾದರೆ ರಬ್ಬರ್ ದೂರವಿಡಿ, ಬಾಲ್‌ಪೆನ್ ಹಿಡಿಯಿರಿ. ನಿಮ್ಮದೇ ಎಡಗೈ ನೋಡುತ್ತ, ಹಾಳೆಯತ್ತ ಕಣ್ಣು ಹಾಯಿಸದೆ, 5 ನಿಮಿಷ ಅದರ ಅಂಚನ್ನು ಇರುವೆ ಹರಿದಷ್ಟು ನಿಧಾನವಾಗಿ ಬರೆಯಿರಿ. ಸೊಟ್ಟಗೇ ಬರುತ್ತದೆ (ಹಾಳೆ ನೋಡದೆ ಬರೆದದ್ದನ್ನು ಹಳಿಯುವುದಾದರೂ ಹೇಗೆ?). ಒಂದೇ ನಿಮಿಷಕ್ಕೆ ಮುಗಿದರೆ ನೀವು ಕೈ ನೋಡಿಲ್ಲ, ನೆನಪಿನಿಂದ ಬರೆದಿದ್ದೀರಿ.