ಹೈದರಾಬಾದಿನ ಹೆಸರು ಹೊತ್ತ ಯುದ್ಧವಿಮಾನವೊಂದು ಲಂಡನ್ನಿನಲ್ಲಿದೆ

ಕೊಪ್ಪಳದ ವಿದ್ಯಾರ್ಥಿಯೆಂದು ಪರಿಚಯಿಸಿಕೊಂಡು ನೀವು ಎರಡು ಪ್ರಶ್ನೆ ಕೇಳಿದ್ದೀರಿ: ಬಳ್ಳಾರಿ, ರಾಯಚೂರು, ಕೊಪ್ಪಳದ ಸೀಮೆಗೂ ಮಹಾಯುದ್ಧಗಳ ಕಾಲದ ವಿಮಾನಗಳಿಗೂ ಏನಾದರೂ ಸಂಬಂಧ ಉಂಟೇ, ಇದ್ದರೆ ಅದರ ಕುರುಹನ್ನು ಇಂದು ಎಲ್ಲಿ ನೋಡಬಹುದು. ಸಂಬಂಧ ಖಂಡಿತವಾಗಿಯೂ ಇದೆ. ಆದರೆ ಹಳೆಯ ವಿಮಾನ ನಿಲ್ದಾಣಗಳನ್ನೂ ಮುರಿದ ರೆಕ್ಕೆಗಳನ್ನೂ ಹುಡುಕುತ್ತ ಹೊರಟರೆ ಕೈಗೆ ಸಿಗುವುದು ಕಡಿಮೆ. ಆ ವಿಮಾನಗಳಿಗೆ ಹಣ ಎಲ್ಲಿಂದ ಹೋಯಿತು ಎಂಬ ಜಾಡು ಹಿಡಿದರೆ ಅದು ನಮ್ಮ ಹೊಲಗಳ ಬದುವಿನವರೆಗೂ ಬರುತ್ತದೆ. ರಾಯಚೂರಿನಲ್ಲಿ ಇತಿಹಾಸದ ಪಾಠ ಹೇಳುವವನಾಗಿ ಈ ವಿಷಯ ನಮ್ಮ ಮಕ್ಕಳಿಗೆ ತಿಳಿದಿರಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸುತ್ತೇನೆ.

ಮೊದಲು ಆಗಿನ ಗಡಿಗಳನ್ನು ನೆನಪಿಟ್ಟುಕೊಳ್ಳಬೇಕು. ಮೊದಲ ಮಹಾಯುದ್ಧದ ಹೊತ್ತಿಗೆ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆಯಾಗಿತ್ತು. ಕೊಪ್ಪಳವು ಅದೇ ಸಂಸ್ಥಾನದೊಳಗೆ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ತುಂಗಭದ್ರೆಯ ಆಚೆಗಿನ ಬಳ್ಳಾರಿಯನ್ನಾದರೋ ನಿಜಾಮರು 1800ರಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಿದ್ದರಿಂದ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹೀಗಾಗಿ ಒಂದೇ ಮಾತು, ಒಂದೇ ಜೋಳದ ರೊಟ್ಟಿಯ ಜನರಾದರೂ ನದಿಯ ಎರಡು ದಡದ ರೈತರು ಕಟ್ಟಿದ ಕಂದಾಯ ಎರಡು ಬೇರೆ ಬೇರೆ ಬೊಕ್ಕಸಗಳಿಗೆ ಹೋಗುತ್ತಿತ್ತು. ಎರಡು ಕಡೆಗಳಿಂದಲೂ ಬ್ರಿಟಿಷ್ ವಾಯುಪಡೆಗೆ ಕೊಡುಗೆ ಸಂದಾಯವಾಯಿತು, ಮತ್ತು ಆ ಕೊಡುಗೆಯ ಗುರುತಾಗಿ ವಿಮಾನದಳಗಳಿಗೆ ಈ ಪ್ರದೇಶಗಳ ಹೆಸರನ್ನೇ ಇಡಲಾಯಿತು.

ಇವುಗಳಲ್ಲಿ ಮೊದಲನೆಯದು ಹಾಗೂ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು ಬ್ರಿಟಿಷ್ ವಾಯುಪಡೆಯ 110ನೆಯ ಸ್ಕ್ವಾಡ್ರನ್. ಇದರ ಮೂಲ ವಿಮಾನಗಳ ವೆಚ್ಚವನ್ನು ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭರಿಸಿದ್ದರಿಂದ ಇದಕ್ಕೆ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರಾಯಿತು. ಡಿ ಹ್ಯಾವಿಲೆಂಡ್ ಸಂಸ್ಥೆಯ ಡಿಎಚ್ 9ಎ ಎಂಬ ಬಾಂಬರ್ ವಿಮಾನಗಳನ್ನು ಹೊಂದಿದ್ದ ಈ ದಳ 1918ರ ಸೆಪ್ಟೆಂಬರ್ 1ರಂದು ಫ್ರಾನ್ಸಿನ ನೆಲೆಗೆ ಬಂದಿಳಿಯಿತು. ಅಂದಿನಿಂದ ನವೆಂಬರ್ 11ರ ಕದನವಿರಾಮದವರೆಗೆ, ಅಂದರೆ ಎರಡೂವರೆ ತಿಂಗಳಿಗೂ ಕಡಿಮೆ ಅವಧಿಯಲ್ಲಿ, ಅದು ಹಾಡುಹಗಲಲ್ಲೇ ಜರ್ಮನಿಯ ಒಳನಾಡಿನ ರೈಲು ನಿಲ್ದಾಣಗಳು ಮತ್ತು ಕಾರ್ಖಾನೆಗಳ ಮೇಲೆ ದಾಳಿ ನಡೆಸಿತು. ರಕ್ಷಣೆಗೆ ಜೊತೆಯಲ್ಲಿ ಕಾದಾಟದ ವಿಮಾನಗಳಿಲ್ಲದೆ ಇಷ್ಟು ದೂರ ಹಾರುವುದೆಂದರೆ ಪ್ರಾಣದ ಹಂಗು ತೊರೆದ ಕೆಲಸವೇ ಸರಿ. ಆ ಕೆಲವೇ ವಾರಗಳಲ್ಲಿ ದಳದ 17 ವಿಮಾನಗಳು ದಾಳಿಗೆ ಹೋಗಿ ಮರಳಲಿಲ್ಲ, ಇನ್ನೂ 28 ಅಪಘಾತಗಳಲ್ಲಿ ನಾಶವಾದವು. ಶತ್ರುವಿನ ಗುಂಡಿಗಿಂತ ಹೆಚ್ಚು ವಿಮಾನಗಳನ್ನು ಅಪಘಾತಗಳೇ ನುಂಗಿದವು ಎಂಬುದನ್ನು ಗಮನಿಸಿ. ಅಂದಿನ ವಿಮಾನಯಾನ ಎಷ್ಟು ಅಪಾಯದ್ದಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಡಿಎಚ್ 9ಎ ಎಂದರೆ ಮರದ ಚೌಕಟ್ಟಿನ ಮೇಲೆ ನಾರಗಸೆಯ ಬಟ್ಟೆ ಬಿಗಿದು ಬಣ್ಣ ಬಳಿದ, ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳಿದ್ದ ವಿಮಾನ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 14 ಮೀಟರ್. ಮೂತಿಯಲ್ಲಿ ಅಮೆರಿಕದಲ್ಲಿ ತಯಾರಾದ, 12 ಸಿಲಿಂಡರುಗಳ, 400 ಅಶ್ವಶಕ್ತಿಯ ಲಿಬರ್ಟಿ ಎಂಜಿನ್. ತೆರೆದ ಆಸನಗಳಲ್ಲಿ ಮುಂದೆ ಚಾಲಕ, ಅವನ ಬೆನ್ನಿಗೆ ವೀಕ್ಷಕ; ವೀಕ್ಷಕನ ಕೈಯಲ್ಲಿ ಸುತ್ತಲೂ ತಿರುಗುವ ಬಳೆಯ ಮೇಲೆ ಕೂರಿಸಿದ ಲೂಯಿಸ್ ಎಂಬ ಮೆಷಿನ್ ಗನ್ ಬಂದೂಕು. ಗಾಜಿನ ಮುಚ್ಚಿಗೆಯಾಗಲಿ ಬಿಸಿ ಗಾಳಿಯಾಗಲಿ ಇಲ್ಲದೆ, ಯುರೋಪಿನ ಅಕ್ಟೋಬರ್ ತಿಂಗಳ ಚಳಿಯಲ್ಲಿ, ಸಾವಿರಾರು ಅಡಿ ಎತ್ತರದಲ್ಲಿ ಆ ಇಬ್ಬರು ಗಂಟೆಗಟ್ಟಲೆ ಕೂರಬೇಕಿತ್ತು.

ಈ ದಳದ ಒಂದು ವಿಮಾನ ಇಂದಿಗೂ ಉಳಿದಿದೆ, ಮತ್ತು ಅದರ ಕಥೆ ವಿಚಿತ್ರವಾದದ್ದು. ಎಫ್ 1010 ಎಂಬ ಸಂಖ್ಯೆಯ ಆ ವಿಮಾನ 1918ರ ಅಕ್ಟೋಬರ್ 5ರಂದು ದಾಳಿಗೆ ಹೋದಾಗ ಶತ್ರುಗಳ ನೆಲದಲ್ಲೇ ಇಳಿಯಬೇಕಾಗಿ ಬಂದು, ಅದರಲ್ಲಿದ್ದ ಇಬ್ಬರೂ ಸೆರೆಯಾದರು. ಜರ್ಮನ್ನರು ವಿಮಾನವನ್ನು ಯುದ್ಧದ ಕಾಣಿಕೆಯಾಗಿ ಉಳಿಸಿಕೊಂಡರು. ಮುಂದೆ ಅದು ಬರ್ಲಿನ್ನಿನ ವಿಮಾನ ಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ನಿಂತಿತು. ಎರಡನೆಯ ಮಹಾಯುದ್ಧದಲ್ಲಿ ಬರ್ಲಿನ್ನಿನ ಮೇಲೆ ಬಾಂಬುಗಳು ಬೀಳತೊಡಗಿದಾಗ ಸಂಗ್ರಹದ ಒಂದು ಭಾಗವನ್ನು ಪೂರ್ವಕ್ಕೆ ಸಾಗಿಸಲಾಯಿತು, ಯುದ್ಧ ಮುಗಿಯುವ ವೇಳೆಗೆ ಅದು ಪೋಲೆಂಡಿನ ಪಾಲಾಗಿತ್ತು. ಹಲವು ದಶಕ ಅಲ್ಲಿಯೇ ಇದ್ದ ಎಫ್ 1010ನ್ನು 1977ರಲ್ಲಿ ಒಂದು ಸ್ಪಿಟ್‌ಫೈರ್ ವಿಮಾನವನ್ನು ಬದಲಿಗೆ ಕೊಟ್ಟು ಬ್ರಿಟನ್ನಿನ ವಾಯುಪಡೆ ವಸ್ತುಸಂಗ್ರಹಾಲಯ ಪಡೆದುಕೊಂಡಿತು. ಜೀರ್ಣೋದ್ಧಾರವಾದ ಬಳಿಕ ಅದು ಲಂಡನ್ನಿನ ಹೆಂಡನ್ನಿನಲ್ಲಿ ನೆಲೆಗೊಂಡಿತು. ಅದರ ಮೈಮೇಲೆ, ಹೈದರಾಬಾದಿನ ನಿಜಾಮರು ನೀಡಿದ ಕೊಡುಗೆ ಎಂಬ ಒಕ್ಕಣೆಯೂ ಅದರ ಜೊತೆಗೆ ‘ಹೈದರಾಬಾದ್ ಸಂಖ್ಯೆ 12ಎ’ ಎಂಬ ಹೆಸರೂ ಇಂಗ್ಲಿಷಿನಲ್ಲಿ ಬರೆದಿವೆ. ನೀವು ಕೇಳಿದ ಕುರುಹು ಇದೇ. ರಾಯಚೂರು ಮತ್ತು ಕೊಪ್ಪಳ ಯಾವ ಸಂಸ್ಥಾನದ ಭಾಗವಾಗಿದ್ದವೋ ಆ ಸಂಸ್ಥಾನದ ಹೆಸರು ನೂರು ವರ್ಷ ದಾಟಿ ಒಂದು ಯುದ್ಧವಿಮಾನದ ಮೇಲೆ ಉಳಿದುಕೊಂಡಿದೆ.

ಇಲ್ಲಿ ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ವಿಮಾನದ ಮೇಲೆ ಅರಸರ ಹೆಸರಿದೆ, ಹಣದ ಮೂಲದ ಹೆಸರಿಲ್ಲ. ಸಂಸ್ಥಾನದ ಬೊಕ್ಕಸಕ್ಕಾಗಲಿ ಅರಮನೆಯ ಸ್ವಂತ ಜಮೀನುಗಳಿಗಾಗಲಿ ಆದಾಯದ ದೊಡ್ಡ ಮೂಲ ಭೂಕಂದಾಯವೇ ಆಗಿತ್ತು. ಎಡದೊರೆ ಸೀಮೆಯ, ಅಂದರೆ ಕೃಷ್ಣಾ–ತುಂಗಭದ್ರೆಗಳ ನಡುವಿನ ನಾಡಿನ, ಎರೆಹೊಲಗಳಲ್ಲಿ ಜೋಳ, ಹತ್ತಿ ಬೆಳೆದ ಒಕ್ಕಲು, ಕಂದಾಯ ವಸೂಲಿ ಮಾಡುವ ಮಾಲಿ ಪಟೇಲನ ಮುಂದೆ ಸಂಸ್ಥಾನದ ಸ್ವಂತ ನಾಣ್ಯವಾದ ಹಾಲಿ ಸಿಕ್ಕಾ ರೂಪಾಯಿಗಳಲ್ಲಿ ಕಂದಾಯ ಎಣಿಸಿಟ್ಟು, ಊರಿನ ಲೆಕ್ಕಿಗನಾದ ಪಟವಾರಿಯ ಲೆಕ್ಕದಲ್ಲಿ ಜಮೆಯಾದ ಹಣವೇ ಹನಿಗೂಡಿ ಸಂಸ್ಥಾನದ ಸಿರಿಯಾಗುತ್ತಿತ್ತು. ಇನ್ನು 1918 ಎಂತಹ ವರ್ಷವೆಂಬುದನ್ನೂ ನೋಡಬೇಕು. ಆ ವರ್ಷ ಮುಂಗಾರು ಕೈಕೊಟ್ಟು ದಖ್ಖನ್ ಸೀಮೆಯಲ್ಲಿ ಬರ ಬಿತ್ತು. ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲೂಯೆಂಜಾ ಜ್ವರ ದೇಶದಾದ್ಯಂತ ಕೋಟಿಗೂ ಮೀರಿದ ಜೀವಗಳನ್ನು ತೆಗೆದುಕೊಂಡಿತು. ಹೈದರಾಬಾದ್ ಹೆಸರಿನ ವಿಮಾನಗಳು ಜರ್ಮನಿಯ ಮೇಲೆ ಹಾರುತ್ತಿದ್ದ ವಾರಗಳೂ ಇಲ್ಲಿ ಊರೂರುಗಳಲ್ಲಿ ಹೆಣ ಸುಡಲು ಕಟ್ಟಿಗೆ ಸಾಲದೆ ಹೋದ ವಾರಗಳೂ ಹೆಚ್ಚುಕಡಿಮೆ ಒಂದೇ. ನಿಜಾಮರಿಗೆ ಬ್ರಿಟಿಷ್ ಸರ್ಕಾರ ‘ನಿಷ್ಠಾವಂತ ಮಿತ್ರ’ ಎಂಬ ಬಿರುದನ್ನು ಕೊಟ್ಟದ್ದೂ 1918ರಲ್ಲಿಯೇ. ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡದೆ ಆ ವಿಮಾನವನ್ನು ಬರಿಯ ಯಂತ್ರವಾಗಿ ಮೆಚ್ಚುವುದು ನನಗೆ ಸಾಧ್ಯವಾಗುವುದಿಲ್ಲ. ಹಾಗೆಂದು ಅದರಲ್ಲಿ ಕುಳಿತು ಹಾರಿದವರ ಧೈರ್ಯವನ್ನು ಕಡೆಗಣಿಸುವುದೂ ತಪ್ಪು.

ಎರಡನೆಯ ಮಹಾಯುದ್ಧದಲ್ಲಿ ಹೈದರಾಬಾದಿನ ಹೆಸರು ಇನ್ನೂ ಎರಡು ದಳಗಳಿಗೆ ಬಂತು. 152ನೆಯ ದಳ ಸ್ಪಿಟ್‌ಫೈರ್‌ಗಳನ್ನೂ 253ನೆಯ ದಳ ಹರಿಕೇನ್‌ಗಳನ್ನೂ ಹಾರಿಸುತ್ತ 1940ರಲ್ಲಿ ಇಂಗ್ಲೆಂಡಿನ ಆಕಾಶವನ್ನು ಕಾಯ್ದವು. 152ರ ಲಾಂಛನದಲ್ಲಿ ನಿಜಾಮರು ಧರಿಸುವ ಶಿರೋವೇಷ್ಟನದ ಚಿತ್ರವಿದೆ, ಕೆಳಗೆ ಅದೇ ‘ನಿಷ್ಠಾವಂತ ಮಿತ್ರ’ ಎಂಬ ಧ್ಯೇಯವಾಕ್ಯವಿದೆ. ಈ ದಳ 1943ರ ಕೊನೆಯಲ್ಲಿ ಭಾರತಕ್ಕೇ ಬಂದು ಜಪಾನೀಯರ ವಿರುದ್ಧ ಇಂಫಾಲ ಮತ್ತು ಬರ್ಮಾ ರಂಗದಲ್ಲಿ ಹೋರಾಡಿತು. ಹಳೆಯ 110ನೆಯ ದಳವೂ 1942ರಲ್ಲಿ ಭಾರತಕ್ಕೆ ಬಂದು, ವಲ್ಟೀ ವೆಂಜನ್ಸ್ ಎಂಬ, ನೆಲದ ಕಡೆಗೆ ನೇರವಾಗಿ ಧುಮುಕಿ ಬಾಂಬು ಹಾಕುವ ವಿಮಾನಗಳನ್ನು ಅದೇ ರಂಗದಲ್ಲಿ ಹಾರಿಸಿತು. ನಮ್ಮ ಭಾರತೀಯ ವಾಯುಪಡೆಯ 7 ಮತ್ತು 8ನೆಯ ದಳಗಳ ಕೈಯಲ್ಲಿಯೂ ಆಗ ಇದ್ದದ್ದು ಇದೇ ವೆಂಜನ್ಸ್.

ಬಳ್ಳಾರಿಯ ಪಾಲು ಮದ್ರಾಸಿನ ಹೆಸರಿನೊಳಗೆ ಅಡಗಿದೆ. 234 ಮತ್ತು 264ನೆಯ ದಳಗಳಿಗೆ ‘ಮದ್ರಾಸ್ ಪ್ರೆಸಿಡೆನ್ಸಿ’ ಎಂಬ ಹೆಸರಿತ್ತು. 264 ಹಾರಿಸುತ್ತಿದ್ದ ಬೋಲ್ಟನ್ ಪಾಲ್ ಡಿಫೈಯಂಟ್ ವಿಮಾನದ ರಚನೆ ವಿಶೇಷವಾದದ್ದು: ಚಾಲಕನಿಗೆ ಮುಂದಕ್ಕೆ ಗುಂಡು ಹಾರಿಸುವ ಬಂದೂಕೇ ಇರಲಿಲ್ಲ, ನಾಲ್ಕೂ ಬಂದೂಕುಗಳು ಅವನ ಬೆನ್ನ ಹಿಂದಿನ ತಿರುಗುಗೋಪುರದಲ್ಲಿದ್ದವು. 1940ರ ಮೇ ತಿಂಗಳಲ್ಲಿ ಫ್ರಾನ್ಸಿನ ಡಂಕರ್ಕ್ ಬಂದರಿನ ಮೇಲೆ ಜರ್ಮನ್ ಚಾಲಕರಿಗೆ ಇದು ಅನಿರೀಕ್ಷಿತ ಪೆಟ್ಟು ಕೊಟ್ಟಿತಾದರೂ, ಎದುರಿನಿಂದ ಬಂದರೆ ಇದು ನಿಸ್ಸಹಾಯಕವೆಂದು ಅವರಿಗೆ ತಿಳಿಯುತ್ತಲೇ ಹಗಲಿನ ಕಾದಾಟದಿಂದ ಇದನ್ನು ಹಿಂದೆ ಸರಿಸಬೇಕಾಯಿತು. ಮೈಸೂರು ಸಂಸ್ಥಾನದ ಕೊಡುಗೆಯಿಂದ ಹೆಸರು ಪಡೆದ 129ನೆಯ ದಳವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. 1941ರಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ರೂಪುಗೊಂಡ ಆ ದಳದ ಲಾಂಛನ ಗಂಡಭೇರುಂಡ. ಇಂದು ನಮ್ಮ ರಾಜ್ಯದ ಪ್ರತಿಯೊಂದು ಸರ್ಕಾರಿ ಕಾಗದದ ತಲೆಯ ಮೇಲಿರುವ ಅದೇ ಎರಡು ತಲೆಯ ಹಕ್ಕಿ.

ನಮ್ಮ ಸೀಮೆಯ ಜನರು ಯುದ್ಧದ ವಿಮಾನಗಳನ್ನು ತಲೆಯೆತ್ತಿ ನೋಡಿದ್ದು ಮಹಾಯುದ್ಧದ ನಂತರ, 1948ರಲ್ಲಿ. ನಿಜಾಮರು ಭಾರತಕ್ಕೆ ಸೇರಲು ಒಪ್ಪದೆ ಇದ್ದ ಆ ವರ್ಷ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಸಾಹಸಿ, ಪ್ರಸಿದ್ಧ ಲ್ಯಾಂಕಾಸ್ಟರ್ ಬಾಂಬರಿನಿಂದ ಮಾರ್ಪಡಿಸಿದ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ಕರಾಚಿಯಿಂದ ನಿಜಾಮರಿಗೆ ರಾತ್ರೋರಾತ್ರಿ ಶಸ್ತ್ರಾಸ್ತ್ರಗಳನ್ನು ಸಾಗಿಸಿದ. ಅವು ಇಳಿದ ನೆಲೆಗಳಲ್ಲಿ ನಮ್ಮ ಬೀದರವೂ ಒಂದು. ಸೆಪ್ಟೆಂಬರ್ 13ರಂದು ಸಂಸ್ಥಾನವನ್ನು ಭಾರತಕ್ಕೆ ಸೇರಿಸಿಕೊಳ್ಳುವ ಸೇನಾ ಕ್ರಮ, ಅಂದರೆ ಪೊಲೀಸ್ ಕಾರ್ಯಾಚರಣೆ, ಆರಂಭವಾದಾಗ ಭಾರತೀಯ ವಾಯುಪಡೆಯ ಟೆಂಪೆಸ್ಟ್ ವಿಮಾನಗಳು ಸಂಸ್ಥಾನದ ವಿಮಾನನೆಲೆಗಳ ಮೇಲೆ ದಾಳಿ ಮಾಡಿದವು, ಇತ್ತ ಹೊಸಪೇಟೆಯ ಕಡೆಯಿಂದ ಸೇನೆ ತುಂಗಭದ್ರೆಯ ಸೇತುವೆಯನ್ನು ವಶಪಡಿಸಿಕೊಂಡಿತು. ಮಸ್ಕಿ ಕಡೆಯವರಾದ ನಮ್ಮ ಅಜ್ಜಿ ಆ ದಿನಗಳನ್ನು ನೆನೆದಾಗಲೆಲ್ಲ, ಮೇಲೆ ಇಮಾನದ ಸದ್ದು ಕೇಳಿದೊಡನೆ ಹಿರಿಯರು ಮಕ್ಕಳನ್ನು ಕಣದ ಬಣವಿಯ ಸಂದಿಗೆ ತಳ್ಳಿ ಮೇಲೆ ಕಂಬಳಿ ಹೊದಿಸುತ್ತಿದ್ದುದನ್ನು ಹೇಳುತ್ತಿದ್ದರು. ನಿಜಾಮರ ಪರವಾಗಿ ನಿಂತ ಖಾಸಗಿ ಪಡೆಯಾದ ರಜಾಕಾರರ ಕಾಟದಿಂದ ಬಿಡುಗಡೆ ತಂದ ವಿಮಾನಗಳೂ ಮೊದಲು ತಂದದ್ದು ಭಯವನ್ನೇ ಎಂಬ ಈ ಮಾತನ್ನು ನಾನು ಪಾಠದಲ್ಲಿ ತಪ್ಪದೆ ಹೇಳುತ್ತೇನೆ.

ನೋಡುವ ವಿಚಾರಕ್ಕೆ ಬಂದರೆ, ಲಂಡನ್ನಿಗೆ ಹೋಗುವುದು ಎಲ್ಲರಿಗೂ ಆಗದ ಮಾತು. ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು ಸೇರಬಹುದು. ಅಲ್ಲಿ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ 2001ರಲ್ಲಿ ಆರಂಭವಾದ, ಎಚ್‌ಎಎಲ್ (ಹಿಂದೂಸ್ತಾನ್ ಏರೋನಾಟಿಕ್ಸ್) ವಿಮಾನ ಕಾರ್ಖಾನೆಯ ವಸ್ತುಸಂಗ್ರಹಾಲಯವಿದೆ. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರಿನಲ್ಲಿ ಕಟ್ಟಿದ ಈ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಯುದ್ಧದ ನಂತರ ಬ್ರಿಟಿಷರು ಕಾನ್ಪುರದಲ್ಲಿ ಬಳಕೆಗೆ ಬಾರದಂತೆ ಜಖಂಗೊಳಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು ಇಲ್ಲಿಯ ಕೆಲಸಗಾರರೇ ಸರಿಪಡಿಸಿ ನಮ್ಮ ವಾಯುಪಡೆಗೆ ಕೊಟ್ಟರು, ಅವು 1968ರವರೆಗೆ ಸೇವೆಯಲ್ಲಿದ್ದವು. ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿ ಇಂದು ಉಳಿದಿರುವ ಲಿಬರೇಟರ್‌ಗಳಲ್ಲಿ ಹಲವು ಭಾರತದಿಂದ ಹೋದವೇ. ಆ ಸಂಗ್ರಹಾಲಯದಲ್ಲಿ ನೀವು ಮರೆಯದೆ ನೋಡಬೇಕಾದದ್ದು ಎರಡು: 1951ರಲ್ಲಿ ಮೊದಲ ಬಾರಿಗೆ ಹಾರಿದ, ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ 2 ತರಬೇತಿ ವಿಮಾನ, ಮತ್ತು 1961ರಲ್ಲಿ ಹಾರಿ 1971ರ ಯುದ್ಧದಲ್ಲಿ ರಾಜಸ್ಥಾನದ ಲೋಂಗೇವಾಲಾದ ಮೇಲೆ ಕಾದಾಡಿದ ಮಾರುತ್ ಎಂಬ ಜೆಟ್ ಯುದ್ಧವಿಮಾನ.

ನಿಮಗೆ ಸಂಶೋಧನೆಯ ಆಸಕ್ತಿ ಇದ್ದರೆ ಇನ್ನೊಂದು ಕೆಲಸ ಕಾಯುತ್ತಿದೆ. ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಸಂಸ್ಥಾನದ ಕಾಲದ ಫಾರ್ಸಿ ಮತ್ತು ಉರ್ದು ಕಡತಗಳಿವೆ, ಬಳ್ಳಾರಿ ಜಿಲ್ಲೆಯ ಬ್ರಿಟಿಷ್ ಕಾಲದ ದಾಖಲೆಗಳಿಗೆ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ನೋಡಬೇಕು. ಯುದ್ಧನಿಧಿಗೆ ಯಾವ ತಾಲ್ಲೂಕಿನಿಂದ ಎಷ್ಟು ಹಣ ಹೋಯಿತೆಂಬ ಲೆಕ್ಕವನ್ನು ಅಲ್ಲಿ ಹುಡುಕಬೇಕು. ಉರ್ದು ಓದಲು ಬರುವ ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಹೋಗುವುದಾದರೆ ಇಲ್ಲಿಯೇ ತಿಳಿಸಿ. ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರಿನ ಕಡೆಯ ಹಳೆಯ ಪಟವಾರಿ ಮನೆತನಗಳಲ್ಲಿ ಉಳಿದಿರಬಹುದಾದ ಕಾಗದಪತ್ರಗಳನ್ನು ವಿಚಾರಿಸುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.