ಸಂಪಾದಕರ ಉತ್ತರ: ನ್ಯಾಯಪೀಠದಲ್ಲಿ ವಿಚಾರಗಳಿಗೆ ಪಾಲು ಹಾಕಬಹುದೇ?

ಸಿಂಧನೂರಿನ ಹಿರಿಯ ಓದುಗರಿಗೆ ನಮಸ್ಕಾರಗಳು.

ನಿವೃತ್ತ ಶಿಕ್ಷಕರಾದ ತಾವು ಬರೆದ ನಾಲ್ಕು ಪುಟಗಳ ಪತ್ರವನ್ನು ನಮ್ಮ ಬಳ್ಳಾರಿ ಕಚೇರಿಯಲ್ಲಿ ಎಲ್ಲರೂ ಓದಿದೆವು. ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಆರು ಮಂದಿ ಸಂಪ್ರದಾಯವಾದಿಗಳು, ಮೂವರು ಉದಾರವಾದಿಗಳು ಎಂಬ ಲೆಕ್ಕವನ್ನು ತೋರಿಸಿ, ನಮ್ಮ ಸುಪ್ರೀಂ ಕೋರ್ಟಿನಲ್ಲಾದರೂ ಎಡ, ಬಲ, ಮಧ್ಯಮ ವಿಚಾರದವರಿಗೆ ಸಮಪಾಲು ಇರಬಾರದೇಕೆ ಎಂದು ಕೇಳಿದ್ದೀರಿ. ತಮ್ಮ ಆತಂಕ ನನ್ನದೂ ಹೌದು. ತಾವು ಸೂಚಿಸಿದ ಮದ್ದನ್ನು ಮಾತ್ರ ಒಪ್ಪಲಾರೆ.

ಅಮೆರಿಕದಲ್ಲಿ ಅಧ್ಯಕ್ಷರು ಹೆಸರಿಸಿದವರನ್ನು ಅಲ್ಲಿನ ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು, ಒಪ್ಪಿದ ಮೇಲೆ ಅವರ ಅಧಿಕಾರ ಜೀವಾವಧಿಯದು. ಆದ್ದರಿಂದ ಒಂದೊಂದು ಸ್ಥಾನ ತೆರವಾದಾಗಲೂ ಅಲ್ಲಿ ಯುದ್ಧವೇ ನಡೆಯುತ್ತದೆ. 2016ರಲ್ಲಿ ಚುನಾವಣೆಯ ವರ್ಷವೆಂಬ ಕಾರಣ ಹೇಳಿ ಒಬಾಮಾ ಹೆಸರಿಸಿದ ಮೆರಿಕ್ ಗಾರ್ಲೆಂಡ್ ಅವರ ವಿಚಾರಣೆಯನ್ನೇ ನಡೆಸದಿದ್ದ ಸೆನೆಟ್, 2020ರಲ್ಲಿ ಚುನಾವಣೆಗೆ ಎಂಟು ದಿನ ಉಳಿದಿರುವಾಗ ಟ್ರಂಪ್ ಹೆಸರಿಸಿದ ಆಮಿ ಕೋನಿ ಬ್ಯಾರೆಟ್ ಅವರನ್ನು 52–48 ಮತಗಳಿಂದ ಒಪ್ಪಿತು. ಎರಡು ವರ್ಷದೊಳಗೆ, ಸುಮಾರು ಅರ್ಧ ಶತಮಾನ ಉಳಿದುಬಂದಿದ್ದ ಗರ್ಭಪಾತದ ಹಕ್ಕಿನ ತೀರ್ಪು ರದ್ದಾಯಿತು.

ನಮ್ಮಲ್ಲಿ ನ್ಯಾಯಮೂರ್ತಿಗಳ ಮಂಜೂರಾದ ಸಂಖ್ಯೆ 34, ನಿವೃತ್ತಿ 65ಕ್ಕೆ. ಅವರೆಲ್ಲರೂ ಒಟ್ಟಿಗೆ ಕೂರುವುದಿಲ್ಲ. ಬಹುತೇಕ ಮೊಕದ್ದಮೆಗಳನ್ನು ಇಬ್ಬರು ಅಥವಾ ಮೂವರ ಪೀಠ ತೀರ್ಮಾನಿಸುತ್ತದೆ. ಹೀಗಿರುವಾಗ 34 ಮಂದಿಯಲ್ಲಿ ಎಷ್ಟೇ ಸಮತೋಲ ಸಾಧಿಸಿದರೂ, ಯಾವ ಮೊಕದ್ದಮೆ ಯಾವ ಪೀಠಕ್ಕೆ ಹೋಗುತ್ತದೆ ಎಂಬುದೇ ನಿರ್ಣಾಯಕವಾಗುತ್ತದೆ. ಆ ಹಂಚಿಕೆ ಮುಖ್ಯ ನ್ಯಾಯಮೂರ್ತಿಗಳ ಕೈಯಲ್ಲಿದೆ. 2018ರ ಜನವರಿ 12ರಂದು ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪತ್ರಿಕಾಗೋಷ್ಠಿ ಕರೆದು ದೂರಿದ್ದು ಈ ಹಂಚಿಕೆಯ ಬಗ್ಗೆಯೇ.

ಇನ್ನು ವಿಚಾರ ನೋಡಿ ಆರಿಸುವ ಪ್ರಯೋಗ ನಮಗೆ ಹೊಸದೇನಲ್ಲ. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸುವಂತಿಲ್ಲವೆಂದ ಕೇಶವಾನಂದ ಭಾರತಿ ತೀರ್ಪು ಬಂದದ್ದು 1973ರ ಏಪ್ರಿಲ್ 24ರಂದು. ಅದರ ಬೆನ್ನಿಗೇ, ಆ ತೀರ್ಪಿನಲ್ಲಿ ಸರ್ಕಾರದ ವಿರುದ್ಧ ನಿಂತಿದ್ದ ಶೆಲಟ್, ಹೆಗ್ಡೆ, ಗ್ರೋವರ್ ಎಂಬ ಮೂವರು ಹಿರಿಯರನ್ನು ಬದಿಗೊತ್ತಿ ಇಂದಿರಾ ಗಾಂಧಿಯವರ ಕಾಂಗ್ರೆಸ್ ಸರ್ಕಾರ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ನ್ಯಾಯಮೂರ್ತಿಗಳ ಜೀವನದೃಷ್ಟಿಯನ್ನೂ ಸರ್ಕಾರ ನೋಡಬೇಕಾಗುತ್ತದೆ ಎಂದು ಸಚಿವ ಮೋಹನ್ ಕುಮಾರಮಂಗಲಂ ಸಂಸತ್ತಿನಲ್ಲಿ ಅದನ್ನು ಸಮರ್ಥಿಸಿದರು. ಮೂರೇ ವರ್ಷದಲ್ಲಿ, ತುರ್ತು ಪರಿಸ್ಥಿತಿಯಲ್ಲಿ ಬಂಧಿತನಾದವನು ಬಿಡುಗಡೆ ಕೋರಿ ನ್ಯಾಯಾಲಯಕ್ಕೆ ಬರುವಂತೆಯೇ ಇಲ್ಲವೆಂದು ಅದೇ ರೇ ಅವರ ನೇತೃತ್ವದ ಪೀಠ 4–1ರಿಂದ ತೀರ್ಪಿತ್ತಿತು. ಒಂಟಿಯಾಗಿ ಭಿನ್ನಮತ ಬರೆದ ಎಚ್. ಆರ್. ಖನ್ನಾ ಅವರನ್ನೂ 1977ರಲ್ಲಿ ಹೀಗೆಯೇ ಬದಿಗೊತ್ತಿ ಅವರಿಗಿಂತ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. 1973ರಲ್ಲಿ ಬದಿಗೊತ್ತಿದ ಆ ಮೂವರಲ್ಲಿ ನಮ್ಮ ನಾಡಿನ ಕೆ. ಎಸ್. ಹೆಗ್ಡೆಯವರು ಹಿಂದೆ ಕಾಂಗ್ರೆಸ್ಸಿನಿಂದಲೇ ರಾಜ್ಯಸಭೆಗೆ ಹೋಗಿದ್ದವರು ಎಂಬುದನ್ನು ಗಮನಿಸಬೇಕು. ತಮ್ಮ ಪಾಲಿನ ಪಟ್ಟಿಯಲ್ಲಿ ಅವರನ್ನು ಯಾವ ಸಾಲಿಗೆ ಸೇರಿಸುತ್ತೀರಿ?

ನಮ್ಮ ಜಿಲ್ಲೆಯ ಮಾತಿಗೇ ಬರುತ್ತೇನೆ. 2011ರ ಜುಲೈ 29ರಂದು ಮುಖ್ಯ ನ್ಯಾಯಮೂರ್ತಿ ಎಸ್. ಎಚ್. ಕಪಾಡಿಯಾ ನೇತೃತ್ವದ ಪೀಠ ಪರಿಸರ ಹಾಳಾಗುತ್ತಿದೆಯೆಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮರುವಾರ ಸಂಡೂರಿನ ದಾರಿಯಲ್ಲಿ ಹೋದಾಗ ಅದಿರಿನ ಲಾರಿಗಳು ಸಾಲಾಗಿ ನಿಂತಿದ್ದವು, ಬೇವಿನ ಎಲೆಗಳ ಮೇಲಿನ ಕೆಂಧೂಳು ಮಳೆ ಹನಿದರೂ ತೊಳೆದುಹೋಗಿರಲಿಲ್ಲ. ಪಂಕ್ಚರ್ ಅಂಗಡಿಯವನೊಬ್ಬ ಟ್ಯೂಬನ್ನು ನೀರಿನಲ್ಲಿ ಅದ್ದುತ್ತಾ, “ನಮ್ ಹೊಟ್ಟಿ ಮ್ಯಾಲೆ ಹೊಡತ ಬಿತ್ತು ಸರ, ಆದ್ರ ಕೋರ್ಟು ಮಾಡಿದ್ದು ಸರಿ ಐತಿ” ಎಂದ. ಆದೇಶದ ಕಾರಣಗಳು ಎಲ್ಲರ ಕಣ್ಣೆದುರಿಗಿದ್ದವು, ಆ ಕಾರಣಕ್ಕೇ ಪೆಟ್ಟು ತಿಂದವನೂ ಅದನ್ನು ಒಪ್ಪಿದ.

ನೇಮಕಾತಿಯಲ್ಲಿ ಇಲ್ಲದಿರುವುದು ಇದೇ. 1993ರಿಂದ ಹೆಸರು ಸೂಚಿಸುವ ಅಧಿಕಾರ ಕೊಲಿಜಿಯಂನದು, ಅಂದರೆ ಮುಖ್ಯ ನ್ಯಾಯಮೂರ್ತಿ ಮತ್ತು ಕೆಲವು ಹಿರಿಯ ನ್ಯಾಯಮೂರ್ತಿಗಳದು (1998ರಿಂದ ನಾಲ್ವರು). ಅದರ ಬದಲಿಗೆ ಸಂಸತ್ತು ರಚಿಸಿದ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟೇ ರದ್ದುಪಡಿಸಿತು. ಕಾನೂನು ಸಚಿವರನ್ನು ಆಯ್ಕೆಯ ಕೋಣೆಯಿಂದ ಹೊರಗಿಟ್ಟ ಆ ತೀರ್ಪು ನನಗೆ ಒಪ್ಪಿಗೆ. ಕೋಣೆಯ ಬಾಗಿಲು ಮುಚ್ಚಿಯೇ ಉಳಿದದ್ದು ಒಪ್ಪಿಗೆಯಿಲ್ಲ. ಕೊಲಿಜಿಯಂ ಒಂದು ಹೆಸರನ್ನು ಎರಡನೆಯ ಬಾರಿ ಕಳಿಸಿದರೆ ಸರ್ಕಾರ ಒಪ್ಪಲೇಬೇಕು, ಆದರೆ ಕಡತದ ಮೇಲೆ ಕೂತುಬಿಟ್ಟರೆ ಕೇಳುವವರಿಲ್ಲ. ತಾವು ಭಯಪಡುವ ವಾಲಿಕೆ ಹುಟ್ಟುವುದು ಈ ಮೌನದಲ್ಲಿ. ಆರಿಸಿದ್ದೇಕೆ, ಬಿಟ್ಟದ್ದೇಕೆ ಎಂಬುದನ್ನು ಬರೆದು ಪ್ರಕಟಿಸಬೇಕು, ಕಡತಕ್ಕೆ ದಿನಗಳ ಗಡುವು ಇರಬೇಕು, ಮೊಕದ್ದಮೆಗಳ ಹಂಚಿಕೆಗೆ ಲಿಖಿತ ನಿಯಮ ಬೇಕು.

ಪಾಲು ಎಂಬ ತಮ್ಮ ಮಾತನ್ನು ಒಂದು ಅರ್ಥದಲ್ಲಿ ಮಾತ್ರ ಉಳಿಸಿಕೊಳ್ಳುತ್ತೇನೆ: ಮಹಿಳೆಯರು, ದಲಿತರು, ಹಿಂದುಳಿದ ಪ್ರದೇಶದ ವಕೀಲರು ಆ ಪೀಠದಲ್ಲಿ ಇಂದಿಗೂ ತೀರ ವಿರಳ. 2008ರಲ್ಲಿ ನಮ್ಮ ಉತ್ತರ ಕರ್ನಾಟಕಕ್ಕೆ ಹೈಕೋರ್ಟಿನ ಪೀಠಗಳು ಬರುವವರೆಗೆ ರಾಯಚೂರಿನ ಕಕ್ಷಿದಾರ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೇ ಹೋಗಬೇಕಿತ್ತು. ಆ ಪ್ರಯಾಣ ಬಲ್ಲವರೊಬ್ಬರು ದೆಹಲಿಯ ಪೀಠದಲ್ಲಿರಬೇಕೆಂದು ಕೇಳುವುದಾದರೆ, ತಮ್ಮ ಮುಂದಿನ ಪತ್ರಕ್ಕೆ ನಾನೂ ಸಹಿ ಹಾಕುತ್ತೇನೆ.

— ಸಂಪಾದಕ