ಪಕ್ಷವೊಂದರ ಉಗ್ರವಾದವನ್ನು ಮುಖ್ಯವಾಹಿನಿಯ ಪತ್ರಿಕೆಗಳು ಮಾಮೂಲಿಯಾಗಿಸುವುದು ಹೇಗೆ?

ಹೆಚ್ಚಿನ ಸಲ ಹೊಗಳಿ ಅಲ್ಲ, ವರದಿಗಾರಿಕೆಯ ದಿನನಿತ್ಯದ ರೂಢಿಗಳಿಂದಲೇ.

ನಾತ್ಸಿ ಪಕ್ಷವನ್ನೇ ತೆಗೆದುಕೊಳ್ಳಿ. 1922ರ ನವೆಂಬರಿನಲ್ಲಿ ನ್ಯೂಯಾರ್ಕ್ ಟೈಮ್ಸ್ ಹಿಟ್ಲರನ ಬಗ್ಗೆ ಬರೆದಾಗ ಅವನ ಯಹೂದಿ ದ್ವೇಷವನ್ನೇನೂ ಮುಚ್ಚಿಡಲಿಲ್ಲ. ಆದರೆ ನಂಬಲರ್ಹ ಮೂಲಗಳ ಹೆಸರಿನಲ್ಲಿ ಒಂದು ಮಾತು ಸೇರಿಸಿತು: ಆ ದ್ವೇಷ ಕೇಳಿಸುವಷ್ಟು ನಿಜವೂ ಅಲ್ಲ, ತೀವ್ರವೂ ಅಲ್ಲ, ಜನರನ್ನು ಸೆಳೆಯುವ ಗಾಳ ಅಷ್ಟೆ. ನನ್ನ ಪ್ರಕಾರ ಇಡೀ ಕರಾಮತ್ತು ಇಲ್ಲೇ ಇದೆ. ಸಾವಿರಾರು ಜನರೆದುರು ಕೂಗಿ ಹೇಳಿದ್ದು ಬರೀ ತಂತ್ರವಾಯಿತು. ಹೆಸರಿಲ್ಲದ ಯಾರೋ ಪಿಸುಗುಟ್ಟಿದ್ದು ಒಳಗಿನ ಸತ್ಯವಾಯಿತು. ಓದುಗ ನಿರಾಳ.

1924ರ ಡಿಸೆಂಬರಿನಲ್ಲಿ ಅವನು ಜೈಲಿನಿಂದ ಹೊರಬಂದಾಗ ಅದೇ ಪತ್ರಿಕೆ, ಆಸಾಮಿ ಪಳಗಿದ್ದಾನೆ, ಆಸ್ಟ್ರಿಯಾಕ್ಕೆ ಮರಳಿ ತನ್ನ ಪಾಡಿಗೆ ಇರಬಹುದು ಎಂದಿತು. 1939ರ ಆಗಸ್ಟಿನಲ್ಲಿ, ಯುದ್ಧಕ್ಕೆ ಎರಡು ವಾರವೂ ಉಳಿದಿರದಾಗ, ಅದರ ಭಾನುವಾರದ ಪುರವಣಿಯಲ್ಲಿ ಅವನ ಬೆಟ್ಟದ ಮನೆಯ ಬಗ್ಗೆ ಹಿತವಾದ ಲೇಖನ ಬಂತು. (ಬ್ರಿಟನ್ನಿನ ಡೇಲಿ ಮೇಲ್ 1934ರಲ್ಲಿ ತನ್ನ ನಾಡಿನ ಫ್ಯಾಸಿಸ್ಟರಿಗೆ ಜೈಕಾರ ಹಾಕಿದ್ದು ಬೇರೆಯೇ ಬಗೆ. ಅದು ನೇರ ಬೆಂಬಲ, ಕಣ್ಣಿಗೆ ಬೀಳುತ್ತದೆ.)

ಈಗಿನ ರೂಪ ಇನ್ನೂ ಸಪ್ಪೆ. 2021ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶಕ್ಕೆ ತಕರಾರು ಎತ್ತಿ ಮತ ಹಾಕಿದ 147 ರಿಪಬ್ಲಿಕನ್ ಸಂಸದರಲ್ಲಿ ಹಲವರು ಬೇಗನೆ ಟಿವಿ ಚರ್ಚೆಗಳ ಮಾಮೂಲಿ ಅತಿಥಿಗಳಾದರು. ತೆರಿಗೆ, ಗಡಿ, ಬಜೆಟ್ ಎಲ್ಲ ಮಾತಿಗೆ ಬರುತ್ತಿತ್ತು. ಆ ಮತದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲದೆ ಮುಗಿದ ಸಂದರ್ಶನಗಳು ಬೇಕಾದಷ್ಟಿವೆ.